ನಿಪ್ಪಾಣಿಗೆ ಬಾರದ ಸಕ್ಕರೆ

ಮೆಟ್ಟಿಲು ಹತ್ತಿ ಬಾಗಿಲಲ್ಲಿ ನಿಂತ ಸುಹಾಸನಿಗೆ ಮೊದಲು ಕಂಡದ್ದು ಬೋರ್ಡಿನ ಮೇಲೆ ಬರೆಯುತ್ತಿದ್ದ ಒಂದು ಕೈ. ಅಕ್ಷರಗಳು ಒಂದೇ ಅಳತೆಯವು. ಸಾಲು ಎಲ್ಲೂ ಏರಿಲ್ಲ, ಎಲ್ಲೂ ಇಳಿದಿಲ್ಲ. ಇಷ್ಟು ನೆಟ್ಟಗೆ ಬರೆಯುವವರು ಯಾರಪ್ಪಾ ಎಂದು ಅವನು ಅಂದುಕೊಳ್ಳುತ್ತಿರುವಾಗಲೇ ಅವಳು ತಿರುಗಿದಳು.

ಅವಳ ಎಡಹುಬ್ಬು ಕೊಂಚ ಮೇಲೇರಿ ಅಲ್ಲೇ ನಿಂತಿತು. ಸುಹಾಸನ ಒಂದು ಕಾಲು ಹೊಸ್ತಿಲ ಒಳಗಿತ್ತು, ಒಂದು ಹೊರಗಿತ್ತು.

ಪ್ರಾಜಕ್ತಾ. ಹೋದ ಚಳಿಗಾಲದಲ್ಲಿ ನಿಪ್ಪಾಣಿಯ ಮನೆಯ ಪಡಸಾಲೆಯಲ್ಲಿ ಇದೇ ಕೈ ಅವನ ಮುಂದೆ ಪೋಹೆಯ ತಟ್ಟೆ ಇಟ್ಟಿತ್ತು. ಅವನು ಕನ್ಯಾ ನೋಡಲು ಹೋಗಿದ್ದ, ಒಪ್ಪಿ ಬಂದಿದ್ದ. ಆಮೇಲೆ ಅವರಿಗೆ ಮನಸ್ಸಿಲ್ಲವಂತೆ ಎಂದು ಮನೆಯಲ್ಲಿ ಹೇಳಿದ್ದರು. ಅಲ್ಲಿಗೆ ಆ ಮಾತು ಮುಗಿದಿತ್ತು.

"ಹೊಸಬರು ಹಿಂದಿನ ಬೆಂಚಿಗೆ ಕೂಡ್ರಿ," ಎಂದಳು ಅವಳು. ಪರಿಚಯ ಇರುವವರ ದನಿಯಲ್ಲ, ಇಲ್ಲದವರ ದನಿಯೂ ಅಲ್ಲ.

ಹೊರಟುಹೋಗೋಣ ಅನ್ನಿಸಿತು. ಆದರೆ ಫೀ ಕಟ್ಟಿಯಾಗಿತ್ತು, ಮತ್ತು ಅವನಿಗೆ ಇಂಗ್ಲಿಷ್ ಬೇಕಾಗಿತ್ತು. ಕೆಳಗಿನ ಝೆರಾಕ್ಸ್ ಅಂಗಡಿಯ ಫಲಕದಲ್ಲಿ ಸ್ಪೋಕನ್ ಇಂಗ್ಲಿಷ್, ಸಂಜೆ ತರಗತಿ ಎಂದಷ್ಟೇ ಇತ್ತು. ಕಲಿಸುವವರ ಹೆಸರಿರಲಿಲ್ಲ. ಹೆಸರು ಕೇಳದೆ ಬಂದದ್ದು ತನ್ನದೇ ತಪ್ಪು ಎಂದುಕೊಂಡು ಸುಹಾಸ ಹಿಂದಿನ ಬೆಂಚಿನಲ್ಲಿ, ಬಿಳಿ ಟೋಪಿಯ ಹಿರಿಯರೊಬ್ಬರ ಬೆನ್ನಿಗೆ ಮರೆಯಾಗಿ ಕುಳಿತ.

ಅದು 2011ರ ಶ್ರಾವಣ. ಸುಹಾಸ ಜುಗೂಳದ ಶಾಂತಿನಾಥರ ಮಗ. ಚಿಕ್ಕೋಡಿಯಲ್ಲಿ ರೂಮು ಮಾಡಿಕೊಂಡು ಒಂದು ಕನ್ನಡ ದಿನಪತ್ರಿಕೆಗೆ ಸುದ್ದಿ ಕಳಿಸುತ್ತಿದ್ದ. ಆ ಮಳೆಗಾಲದಲ್ಲಿ ಕೃಷ್ಣೆ ಏರಿ ಕಲ್ಲೋಳ–ಯಡೂರ ಸೇತುವೆ ಮುಳುಗಿತ್ತು. ಸೇತುವೆ ಗುರುವಾರದ ಹೊತ್ತಿಗೆ ತೆರೆಯಬಹುದೆಂದು ಇಂಜಿನಿಯರರು ಭಾವಿಸುತ್ತಾರೆ ಎಂಬ ಒಂದು ಸಾಲು ಇಲಾಖೆಯಿಂದ ಇಂಗ್ಲಿಷಿನಲ್ಲಿ ಬಂತು. ಅವಸರದಲ್ಲಿ ಅವನು 'ಗುರುವಾರ ಸೇತುವೆ ಮುಕ್ತ' ಎಂದು ಕಳಿಸಿದ. ಗುರುವಾರ ಬೆಳಿಗ್ಗೆ ಜನ ನೀರಿನ ಅಂಚಿನಲ್ಲಿ ಪೇಪರ್ ಹಿಡಿದುಕೊಂಡು ನಿಂತರು. ನೀರು ಪೇಪರ್ ಓದಿರಲಿಲ್ಲ. ಇಂಜಿನಿಯರರ ವಿಚಾರವನ್ನು ಸೇತುವೆಯ ಸ್ಥಿತಿ ಮಾಡಿಬಿಟ್ಟಿರಲ್ಲ ಮಾರಾಯರೇ, ಎಂದು ಬೆಳಗಾವಿಯ ಡೆಸ್ಕಿನವರು ಫೋನಿನಲ್ಲಿ ಕೇಳಿದರು. ಅದಕ್ಕೇ ಈ ಮೆಟ್ಟಿಲು ಹತ್ತಿದ್ದ.

ಮತ್ತು ಅವತ್ತಿನ ಪಾಠ, ಅವನಿಗಾಗಿಯೇ ತೆಗೆದಿಟ್ಟಂತೆ, ಅದೇ ಆಗಿತ್ತು.

"ಈ ವಾಕ್ಯದೊಳಗ ಎರಡು ಖೋಲಿ ಅದಾವ್ರಿ," ಎಂದಳು ಪ್ರಾಜಕ್ತಾ, ಬೋರ್ಡಿನ ಮೇಲಿನ ಸಾಲಿಗೆ ಚಾಕ್‌ಪೀಸ್ ತಾಗಿಸಿ. "ಶಿ ಥಿಂಕ್ಸ್ ದ್ಯಾಟ್. ಇದು ಹೊರಗಿನ ಖೋಲಿ. ಇಲ್ಲಿ ಒಬ್ಬಾಕಿ ಕುಂತಾಳ. ಆಕಿ ಏನ ವಿಚಾರ ಮಾಡ್ಯಾಳ ಅದು ಒಳಗಿನ ಖೋಲಿಯೊಳಗ ಐತಿ. ಒಳಗಿನದು ಖರೇ ಇರಬಹುದು, ಸುಳ್ಳ ಇರಬಹುದು. ಅದಕ್ಕ ಜವಾಬ್ದಾರಿ ಹೊರಗ ಕುಂತಾಕಿ."

ಸುಹಾಸ ಪೆನ್ನು ಹಿಡಿದವನು ಬರೆಯಲಿಲ್ಲ. ಡೆಸ್ಕಿನವರು ವರ್ಷಗಟ್ಟಲೆ ಬೈದು ಹೇಳಲಾಗದ್ದನ್ನು ಈ ಹುಡುಗಿ ಎರಡು ಕೋಣೆ ಕಟ್ಟಿ ತೋರಿಸಿದ್ದಳು. ಹೊರಗಿನ ಕೋಣೆಯಲ್ಲಿ ಕುಳಿತಿದ್ದ ಇಂಜಿನಿಯರರನ್ನು ತಾನು ಎಬ್ಬಿಸಿ ಕಳಿಸಿಬಿಟ್ಟಿದ್ದೆ ಎಂಬುದು ಅವನಿಗೆ ಸ್ಪಷ್ಟವಾಗಿ ಕಂಡಿತು.

ನಮ್ಮ ಮಾತಿನಲ್ಲಿ ಇದು ಸಲೀಸು, ಎಂದು ಅವಳು ಮುಂದುವರಿಸಿದಳು. ಕೊನೆಗೊಂದು 'ಅಂತ' ಅಂಟಿಸಿದರೆ ಆಯಿತು. ಮಳಿ ಬರ್ತೈತಂತ, ಅವನ ಲಗ್ನ ಆತಂತ. ಯಾರು ಅಂದರು ಎಂದು ಯಾರೂ ಕೇಳುವುದಿಲ್ಲ. ಇಂಗ್ಲಿಷಿನಲ್ಲಿ ಹಾಗೆ ಜಾರಿಕೊಳ್ಳುವುದು ಕಷ್ಟ. ಅಂದವರನ್ನು ಮೊದಲು ಕುರ್ಚಿ ಹಾಕಿ ಕೂರಿಸಬೇಕು.

"ಇಟ್ ಈಸ್ ಸೆಡ್ ಅಂತನೂ ಐತೆಲ್ರಿ?" ಸುಹಾಸನ ಬಾಯಿಂದ ತಾನಾಗಿಯೇ ಬಂತು.

ಅವಳು ಮೊದಲ ಬಾರಿ ಅವನ ಕಡೆ ನೇರವಾಗಿ ನೋಡಿದಳು. "ಐತ್ರಿ. ಅದನ್ನ ಪೇಪರಿನವ್ರ ಸಲುವಾಗಿ ಮಾಡ್ಯಾರ."

ತರಗತಿ ನಕ್ಕಿತು. ಸುಹಾಸನೂ ನಕ್ಕ. ಯಾಕೆಂದರೆ ಈ ಜಗಳ ಹೊಸದಲ್ಲ. ಅಂದು ನಿಪ್ಪಾಣಿಯಲ್ಲಿ ಹುಡುಗ ಹುಡುಗಿ ಮಾತಾಡಲಿ ಎಂದು ಹಿರಿಯರು ಇಬ್ಬರನ್ನೂ ಮಾಳಿಗೆಗೆ ಕಳಿಸಿದ್ದರು. ಪಕ್ಕದ ವಖಾರಿಯಿಂದ ತಂಬಾಕಿನ ಘಾಟು ಬರುತ್ತಿತ್ತು. ಅವಳು ಸಂಬಳ ಕೇಳಲಿಲ್ಲ, ಹವ್ಯಾಸ ಕೇಳಲಿಲ್ಲ. ಪೇಪರಿನಲ್ಲಿ 'ತಿಳಿದುಬಂದಿದೆ' ಅಂತ ಬರೀತೀರಲ್ಲ, ಅದು ಯಾರಿಗೆ ತಿಳಿದುಬಂದಿರ್ತೈತ್ರಿ, ಎಂದು ಕೇಳಿದ್ದಳು. ಅವನಿಗೆ ಉತ್ತರ ಹೊಳೆದಿರಲಿಲ್ಲ. ಮಾಳಿಗೆಯ ಮೆಟ್ಟಿಲು ಇಳಿಯುವಾಗಲೇ ಅವನು ಒಪ್ಪಿಬಿಟ್ಟಿದ್ದ.

ಪಾಠದ ಕೊನೆಗೆ ಎಲ್ಲರೂ ಒಂದೊಂದು ವಾಕ್ಯ ಹೇಳಬೇಕಿತ್ತು. ಮನೆಯವರು, ಬೇಕಾದವರು ಏನು ಅಂದುಕೊಂಡಿದ್ದಾರೆ ಎಂಬುದು. ಬಿಳಿ ಟೋಪಿಯ ಹಿರಿಯರು ತವನಪ್ಪ. ಬೀಜ ಗೊಬ್ಬರದ ಅಂಗಡಿಯವರು. ಕಂಪನಿಯ ಏಜೆಂಟರು ಇಂಗ್ಲಿಷಿನಲ್ಲೇ ಮಾತಾಡಿ ಯಾಮಾರಿಸುತ್ತಾರೆ ಎಂದು ಕಲಿಯಲು ಬಂದವರು. ಅವರು ಎದ್ದು ನಿಂತು, "ಮೈ ವೈಫ್ ಥಿಂಕ್ಸ್ ದ್ಯಾಟ್ ಐ ಆ್ಯಮ್ ಡೆಫ್," ಎಂದರು. ನರ್ಸ್ ಶೇವಂತಾ, "ಅವರ್ ಡಾಕ್ಟರ್ ಬಿಲೀವ್ಸ್ ದ್ಯಾಟ್ ಹಿ ಈಸ್ ಗಾಡ್," ಎಂದಳು.

ಸುಹಾಸನ ಸರದಿ ಬಂತು. ಎದೆಯಲ್ಲಿದ್ದ ಮುಳ್ಳು ನಾಲಿಗೆಗೆ ಬಂತು. "ಪೀಪಲ್ ಸೇ ದ್ಯಾಟ್ ನಿಪ್ಪಾಣಿ ಪೀಪಲ್ ಆರ್ ಪ್ರೌಡ್."

"ವಿಚ್ ಪೀಪಲ್?" ಎಂದು ಕೇಳಿದಳು ಅವಳು, ತಣ್ಣಗೆ.

ಸುಹಾಸ ನೋಟ್‌ಬುಕ್ಕಿನ ಹಾಳೆ ತಿರುವಿದ.

"ಹೆಸರಿಲ್ಲದ ಮಾತು ಈ ಕ್ಲಾಸಿನ್ಯಾಗ ನಡ್ಯಂಗಿಲ್ರಿ. ನಾಳೆ ಹೆಸರ ತಗೊಂಡ ಬರ್ರಿ."

ನಾಳೆ ಬರ್ರಿ ಎಂದಳಲ್ಲ, ಅಷ್ಟನ್ನೇ ಕಟ್ಟಿಕೊಂಡು ಅವನು ಕೆಳಗಿಳಿದ.

*

ಮರುದಿನ ಹೋದ. ಅದರ ಮರುದಿನವೂ ಹೋದ. ಹೆಸರು ಮಾತ್ರ ಒಯ್ಯಲಿಲ್ಲ, ಅವಳೂ ಕೇಳಲಿಲ್ಲ.

ಅವಳು ಕಲಿಸುವುದನ್ನು ನೋಡುವುದೇ ಒಂದು ಸುಖ. ತಪ್ಪು ಮಾಡಿದವರನ್ನು ಅವಳು ತಿದ್ದುತ್ತಿರಲಿಲ್ಲ. ಇನ್ನೊಂದು ಪ್ರಶ್ನೆ ಕೇಳಿ, ಅವರೇ ತಮ್ಮ ತಪ್ಪಿನ ಮೇಲೆ ಎಡವುವಂತೆ ಮಾಡುತ್ತಿದ್ದಳು. ಎಡವಿದವರು ನಗುತ್ತ ಏಳುತ್ತಿದ್ದರು. ಅವಳ ಹುಬ್ಬಿನ ಭಾಷೆಯನ್ನು ಸುಹಾಸ ಬೇಗ ಕಲಿತ. ಎಡಹುಬ್ಬು ಏರಿದರೆ ಪ್ರಶ್ನೆ. ಏರಿದ ಹುಬ್ಬು ಇಳಿಯದೆ ತುಟಿಯ ಅಂಚು ಚಲಿಸಿದರೆ, ನಗು ಬರುವ ದಾರಿಯಲ್ಲಿದೆ ಎಂದರ್ಥ. ಅವನು ಆ ದಾರಿ ಕಾಯುತ್ತಿದ್ದ.

ಒಂದು ಸಂಜೆ ಅವಳು ಪೇಪರಿನ ಒಂದು ಹಾಳೆ ತಂದಳು. ಶಿರಗುಪ್ಪಿಯ ಕಡೆ ಕಬ್ಬಿನ ದರಕ್ಕಾಗಿ ರೈತರು ರಸ್ತೆಯಲ್ಲಿ ಕುಳಿತದ್ದರ ವರದಿ. ಇದನ್ನು ನೋಡಿ ಎಂದು ತರಗತಿಗೆ ಹೇಳಿದಳು. ರೈತರು ಅಂದದ್ದು ಒಂದು ಕಡೆ ಇದೆ. ಕಾರ್ಖಾನೆಯವರು ಅಂದದ್ದು ಒಂದು ಕಡೆ ಇದೆ. ಬರೆದವನು ತಾನೇ ಕಂಡದ್ದು ಬೇರೆ ಇದೆ. ಯಾರ ಮಾತೂ ಇನ್ನೊಬ್ಬರ ಬಾಯಿಗೆ ಹೋಗಿಲ್ಲ. ಇಂಗ್ಲಿಷಿನಲ್ಲಿ ನಾವು ಮಾಡಬೇಕಾದ್ದು ಇದನ್ನೇ. ಇವರು ಕನ್ನಡದಲ್ಲಿ ಮಾಡಿ ಇಟ್ಟಿದ್ದಾರೆ.

ವರದಿಯ ಮೇಲೆ ಸುಹಾಸನ ಹೆಸರಿತ್ತು. ಅವನು ತವನಪ್ಪನವರ ಟೋಪಿಯ ಹಿಂದೆ ಇನ್ನಷ್ಟು ಕುಗ್ಗಿದ. ತವನಪ್ಪ ಬೇಕೆಂತಲೇ ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡರು.

ತರಗತಿ ಬಿಟ್ಟ ಮೇಲೆ ನಿಪ್ಪಾಣಿಯ ಬಸ್ಸು ಬರುವ ತನಕ ಅವಳು ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂರುತ್ತಿದ್ದಳು. ಸುಹಾಸನಿಗೆ ಅದೇ ಹೊತ್ತಿಗೆ ಅಲ್ಲಿ ಚಹಾ ಕುಡಿಯುವ ರೂಢಿ ಬಂತು. ಮೊದಲು ದೂರ ನಿಂತು ಕುಡಿದ. ಆಮೇಲೆ ಎರಡು ಕಪ್ಪು ಹಿಡಿದು ಹತ್ತಿರ ಹೋದ. ಹೋದ ಚಳಿಗಾಲದ ಮಾತನ್ನು ಇಬ್ಬರೂ ಎತ್ತಲಿಲ್ಲ. ಬೇಡವೆಂದವರನ್ನು ಯಾಕೆ ಬೇಡವೆಂದಿರಿ ಎಂದು ಕೇಳುವುದು ಹೇಗೆ? ಇಬ್ಬರೂ ಒಂದು ಅಡ್ಡದಾರಿ ಹಿಡಿದರು. ತಮ್ಮ ಮಾತನ್ನೆಲ್ಲ ಬೇರೆಯವರ ಹೆಸರಿನಲ್ಲಿ ಆಡತೊಡಗಿದರು.

"ತವನಪ್ಪ ಕಾಕಾ ಅಂತಾರ, ಟೀಚರ್‌ಗ ಇವತ್ತಿನ ಹಸರ ಡ್ರೆಸ್ ಭಾಳ ಚೆಂದ ಕಾಣ್ತೈತಿ ಅಂತ," ಎಂದ ಸುಹಾಸ.

"ಕಾಕಾಗ ಕಣ್ಣ ಮಂದ ಅದಾವ. ಆಪರೇಷನ್ ಆಗಬೇಕು ಅಂತಾಳ ಶೇವಂತಾ."

"ಚಹಾದಂಗಡಿಯವ ಅಂತಾನ, ನಿಪ್ಪಾಣಿ ಬಸ್ ತಡಾ ಆದಷ್ಟ ಅವಗ ಚಲೋ ಅಂತ."

"ಚಹಾದಂಗಡಿಯವಗೋ?"

"ಅಂವಗ. ವ್ಯಾಪಾರ ಆಗ್ತೈತೆಲ್ರಿ."

ಹುಬ್ಬು ಏರಿತು. ತುಟಿಯ ಅಂಚು ಚಲಿಸಿತು. ಬಸ್ಸು ಬಂದುಬಿಟ್ಟಿತು.

ಮಳೆ ಹಿಡಿದುಕೊಂಡ ಒಂದು ಸಂಜೆ ಕಟ್ಟೆಯ ಮೇಲೆ ಜಾಗ ಸಾಲದೆ ಇಬ್ಬರೂ ಒತ್ತಿ ಕೂರಬೇಕಾಯಿತು. ಅವಳ ಕೊಡೆಯಿಂದ ನೀರು ಅವನ ಚಪ್ಪಲಿಯ ಮೇಲೆ ಸುರಿಯುತ್ತಿತ್ತು. ಅವನು ಕಾಲು ಸರಿಸಲಿಲ್ಲ. ಅದು ಅವಳಿಗೂ ಕಾಣುತ್ತಿತ್ತು. ಅವಳು ಕೊಡೆ ಸರಿಸಲಿಲ್ಲ.

*

ಭಾದ್ರಪದ ಹತ್ತಿರ ಬಂದಿತ್ತು. ಗುರುವಾರ ಅವಳು ಪಾಠದಲ್ಲಿ ಎರಡು ಸಲ ತಡವರಿಸಿದಳು. ಅವಳು ತಡವರಿಸಿದ್ದನ್ನು ತರಗತಿ ಅಲ್ಲಿಯವರೆಗೆ ಕಂಡಿರಲಿಲ್ಲ. ಕಟ್ಟೆಯ ಮೇಲೆ ಚಹಾದ ಕಪ್ಪನ್ನು ಕೈಯಲ್ಲೇ ಹಿಡಿದುಕೊಂಡಳು.

"ರವಿವಾರ ಸಾಂಗಲಿಯವರು ಬರಾಕತ್ತಾರ," ಎಂದಳು. "ಪರ್ಯೂಷಣ ಶುರು ಆಗೂದ್ರೊಳಗ ಮಾತ ಮುಗಸಬೇಕಂತ. ಸಾಖರಪುಡಾ ಅವತ್ತ ಮಾಡೂನಂತ."

ಪರ್ಯೂಷಣ ಎಂದರೆ ಜೈನರ ವ್ರತದ ದಿನಗಳು, ಸಾಖರಪುಡಾ ಎಂದರೆ ನಿಶ್ಚಯ. ಅದಾದ ಮೇಲೆ ಆ ಕಡೆ ಮಾತು ತಿರುಗುವುದಿಲ್ಲ. ಸುಹಾಸ ಕಪ್ಪನ್ನು ಕಟ್ಟೆಯ ಮೇಲಿಟ್ಟ.

"ನೀವೇನಂತೀರಿ?"

"ನಾ ಏನ ಅನ್ನಲಿ? ಹೋದ ಸಲ ನಾ ಹೂಂ ಅಂದಿದ್ದೆ. ಏನಾತು?" ಅವಳು ರಸ್ತೆಯ ಕಡೆ ನೋಡುತ್ತಿದ್ದಳು. "ನೀವ ಒಲ್ಲೆ ಅಂದ್ರಿ."

ಸುಹಾಸ ಅವಳ ಕಡೆ ತಿರುಗಿದ. "ನಾ ಅಂದ್ನಿ? ನೀವ ಒಲ್ಲೆ ಅಂದ್ರಂತ."

"ಯಾರು ಅಂದ್ರು?"

ತರಗತಿಯಲ್ಲಿ ನೂರು ಸಲ ಕೇಳಿದ್ದ ಪ್ರಶ್ನೆ.

"ಮನ್ಯಾಗ," ಎಂದ. ಎಂದ ಕೂಡಲೇ, ಮನೆ ಎಂಬುದು ಹೆಸರಲ್ಲ ಎಂದು ಅವನಿಗೇ ಹೊಳೆಯಿತು. "ನಿಮಗ ಯಾರು ಅಂದ್ರು?"

"ಯಾರೂ ಅನ್ನಲಿಲ್ಲ. ಅನ್ನೂದೇನ ಐತಿ? ಸಕ್ರಿ ಬರಲಿಲ್ಲ."

"ಯಾವ ಸಕ್ರಿ?"

ಅವಳು ಈಗ ಅವನನ್ನು ನೋಡಿದಳು. ಹುಬ್ಬು ಏರಲಿಲ್ಲ. ಕಣ್ಣುಗಳಷ್ಟೇ ದೊಡ್ಡವಾದವು. ಆ ಪ್ರಶ್ನೆಯಲ್ಲಿ ಹುಸಿ ಇರಲಿಲ್ಲ ಎಂದು ಅವಳಿಗೆ ಗೊತ್ತಾಯಿತು.

ನಿಪ್ಪಾಣಿಯ ಬಸ್ಸು ಬಂತು. ಕಂಡಕ್ಟರ್ ಎರಡು ಸಲ ಸೀಟಿ ಹೊಡೆದ. ಹತ್ತುವ ಮುನ್ನ ಅವಳು ಹೇಳಿದ್ದು ಇಷ್ಟು: ಅವರ ಮನೆತನದಲ್ಲಿ ಹೆಣ್ಣು ಒಪ್ಪಿಗೆಯಾದರೆ ಗಂಡಿನ ಮನೆಯಿಂದ ಸಕ್ಕರೆಯ ಪುಡಿಕೆ ಬರುತ್ತದೆ. ಬಂದರೆ ಹೌದು. ಬಾರದಿದ್ದರೆ ಇಲ್ಲ. ಬಾಯಿಬಿಟ್ಟು ಯಾರೂ ಯಾರಿಗೂ ಏನೂ ಹೇಳುವುದಿಲ್ಲ. ಅವಳು ಮಹಾವೀರ ಜಯಂತಿಯವರೆಗೂ ದಾರಿ ನೋಡಿದ್ದಳು.

*

ಸುಹಾಸ ಮರುದಿನ ಬೆಳಿಗ್ಗೆ ಮೋಟರ್‌ಸೈಕಲ್ ತೆಗೆದ. ಊರಿನ ಯಾವ ಸುದ್ದಿಯನ್ನೂ ಎರಡು ಕಡೆ ಕೇಳದೆ ಬರೆಯದವನು ತನ್ನ ಬದುಕಿನ ಸುದ್ದಿಯನ್ನು ಒಂದೇ ಕಡೆ ಕೇಳಿ ನಂಬಿದ್ದ. ಎರಡೂ ಬದಿಯ ಕಬ್ಬು ಆಳೆತ್ತರಕ್ಕೆ ಬೆಳೆದಿತ್ತು. ಸುತ್ತ ಎಲ್ಲಿ ನೋಡಿದರೂ ಸಕ್ಕರೆಯೇ. ಅದರಲ್ಲಿ ಒಂದು ಪುಡಿಕೆ ನಿಪ್ಪಾಣಿಗೆ ಹೋಗಿರಲಿಲ್ಲ.

ಜುಗೂಳದಲ್ಲಿ ಅವ್ವ ರೊಟ್ಟಿ ಬಡಿಯುತ್ತಿದ್ದಳು. ನಿಪ್ಪಾಣಿಯವರಿಗೆ ಮನಸ್ಸಿಲ್ಲ ಎಂದು ನಿನಗೆ ಯಾರು ಹೇಳಿದ್ದು, ಎಂದು ಕೇಳಿದ. ನಿಮ್ಮಪ್ಪ, ಎಂದಳು. ಹಿತ್ತಲಲ್ಲಿ ಎಮ್ಮೆಗೆ ಮೇವು ಹಾಕುತ್ತಿದ್ದ ಅಪ್ಪ ಶಾಂತಿನಾಥರನ್ನು ಕೇಳಿದ. ಭೀಮಗೊಂಡ, ಎಂದರು. ಭೀಮಗೊಂಡ ಶಿರಗುಪ್ಪಿಯವನು, ಸುಹಾಸನ ಸೋದರಮಾವನ ಮಗ. ಈ ಸಂಬಂಧದ ಮಧ್ಯಸ್ಥಿಕೆ ಅವನದೇ. ಲಗ್ನದ ಮಾತಿಗೆ ನಡುವೆ ನಿಂತದ್ದು ಅವನಿಗೂ ಅದೇ ಮೊದಲು.

ಶಿರಗುಪ್ಪಿಯ ಹೊಲದಲ್ಲಿ ಭೀಮಗೊಂಡ ಪಂಪ್‌ಸೆಟ್ಟಿನ ಮುಂದೆ ಕುಳಿತಿದ್ದ.

"ಏ, ನಾ ಎಲ್ಲಿ ಹಂಗಂದ್ನೋ?" ಎಂದ. "ನಿಮ್ಮಪ್ಪ ಕೇಳಿದ, ನಿಪ್ಪಾಣಿಯವ್ರು ಉತ್ತರಾ ಕೇಳಾಕ ಬಂದ್ರೇನು ಅಂತ. ಇಲ್ಲ ಅಂದೆ. ಬಂದಿದ್ದಿಲ್ಲ, ಅದಕ್ಕ ಬಂದಿಲ್ಲ ಅಂದೆ. ಮನಸ್ಸಿಲ್ಲ ಅಂತ ನಾ ಯಾವಾಗ ಅಂದೆ?"

"ನಿಪ್ಪಾಣಿಯವ್ರು ಸಕ್ರಿ ದಾರಿ ನೋಡಾಕತ್ತಿದ್ರಂತಲ್ಲೋ?"

"ಅದು ಅವರ ಪದ್ಧತಿ ಅಂತ ನನಗೇನ ಕನಸ ಬಿದ್ದಿತ್ತ?"

ಸುಹಾಸ ಬದುವಿನ ಮೇಲೆ ಕುಳಿತುಬಿಟ್ಟ. ಜುಗೂಳದ ಮನೆಯಲ್ಲಿ, ಅಜ್ಜನ ಕಾಲದಿಂದಲೂ, ಹೆಣ್ಣಿನ ತಂದೆ ಬಂದು ಉತ್ತರ ಕೇಳಬೇಕು. ನಿಪ್ಪಾಣಿಯ ಮನೆಯಲ್ಲಿ ಗಂಡಿನವರು ಸಕ್ಕರೆ ಕಳಿಸಬೇಕು. ಎರಡೂ ಮನೆಯವರು ಮರ್ಯಾದೆಯಿಂದ ಬಾಗಿಲು ನೋಡುತ್ತ ಕುಳಿತರು. ಕುಳಿತು ಸಾಕಾದ ಮೇಲೆ, ಎದುರಿನವರಿಗೆ ಮನಸ್ಸಿಲ್ಲ ಎಂದುಕೊಂಡರು. ಬೇಡ ಎಂದವರು ಯಾರೆಂದು ಹುಡುಕುತ್ತ ಬಂದವನಿಗೆ ಕೊನೆಯಲ್ಲಿ ಸಿಕ್ಕಿದ್ದು ಖಾಲಿ ಕುರ್ಚಿ. ಬೇಡ ಎಂದು ಯಾರೂ ಅಂದಿರಲಿಲ್ಲ.

ಸಂಜೆ ಮನೆಯಲ್ಲಿ ಅಪ್ಪನ ಮುಂದೆ ಎಲ್ಲವನ್ನೂ ಹೇಳಿದ. ಶಾಂತಿನಾಥರು ಕೆಟ್ಟವರಲ್ಲ, ಆದರೆ ಬಾಗಿದವರೂ ಅಲ್ಲ. ತಪ್ಪು ತಿಳಿದದ್ದು ಹೌದು, ಎಂದರು. ಆದರೂ ಕೇಳಲು ಬರಬೇಕಾದವರು ಅವರೇ. ತಾವು ಕಳಿಸುವುದು ಆಗುವುದಿಲ್ಲ.

"ನಾ ಹೋಗ್ತೇನ್ರಿ, ಅಪ್ಪಾ."

"ಹೋಗು. ಆದರ ನಾ ಕಳಿಸೇನಿ ಅಂತ ಹೇಳಬ್ಯಾಡ."

"ನೀವು ಕಳಿಸಿಲ್ಲ ಅಂತನ ಹೇಳ್ತೇನ್ರಿ."

ಶಾಂತಿನಾಥರು ಮಗನ ಮುಖ ನೋಡಿ, ನಗು ಬಂದದ್ದನ್ನು ಕೆಮ್ಮಿ ಮುಚ್ಚಿದರು. ಬೆಳಿಗ್ಗೆ ಅವನು ಹೊರಡುವಾಗ ಅವ್ವ ಒಳಗಿನ ಡಬ್ಬಿಯಿಂದ ಸಕ್ಕರೆ ತೆಗೆದು, ಬಿಳಿ ಬಟ್ಟೆಯಲ್ಲಿ ಗಂಟು ಕಟ್ಟಿ ಕೈಗೆ ಕೊಟ್ಟಳು. ಕೇಳಿದರೆ ನನ್ನ ಡಬ್ಬಿಯದು ಅಂತ ಹೇಳು, ಎಂದಳು.

*

ನಿಪ್ಪಾಣಿಯ ಪಡಸಾಲೆ ಹಾಗೇ ಇತ್ತು. ರವಿವಾರದ ತಯಾರಿಗೆ ಜಮಖಾನೆ ಝಾಡಿಸಿ ಹಾಸಿದ್ದರು. ಅದೊಂದೇ ಹೊಸದು. ಪ್ರಾಜಕ್ತಾಳ ತಂದೆ ದಾದಾಸಾಹೇಬ ತಂಬಾಕಿನ ವ್ಯಾಪಾರಿ. ದೊಡ್ಡ ಮೀಸೆ, ಸಣ್ಣ ದನಿ. ಬಾಗಿಲಲ್ಲಿ ಸುಹಾಸನನ್ನು ಕಂಡು ಅವರ ಮುಖ ಬಿಗಿಯಿತು. ಆದರೂ ಬಂದವರನ್ನು ನಿಲ್ಲಿಸಿ ಮಾತಾಡಿಸುವ ಮನೆಯಲ್ಲ ಅದು. ಕೂಡ್ರಿ ಎಂದರು. ಅವರ ಅಕ್ಕ ಚಂದ್ರಮತಿ ನೀರು ತಂದಿಟ್ಟು ಅಡುಗೆಮನೆಯ ಬಾಗಿಲಲ್ಲಿ ನಿಂತರು. ಅವರ ಹಿಂದೆ ಪರದೆ ಒಮ್ಮೆ ಅಲುಗಿ ನಿಂತಿತು.

ಸುಹಾಸ ಸಕ್ಕರೆಯ ಗಂಟನ್ನು ಜಮಖಾನೆಯ ಮೇಲಿಟ್ಟ.

ದಾದಾಸಾಹೇಬರು ಅದನ್ನು ನೋಡಿದರು. "ಇದು ಭಾಳ ತಡಾ ಆತು. ಯಾರು ಕಳಿಸ್ಯಾರ?"

"ನಮ್ಮಪ್ಪ ಅಂತಾರ್ರಿ, ಅವರು ಕಳಿಸಿಲ್ಲ ಅಂತ. ಉತ್ತರಾ ಕೇಳಾಕ ಹೆಣ್ಣಿನವ್ರ ಬರಬೇಕು ಅನ್ನೂದು ನಮ್ಮ ಮನಿ ಪದ್ಧತಿ ಅಂತಾರ. ಅವರು ದಾರಿ ನೋಡಿದ್ರು. ನೀವು ಬರಲಿಲ್ಲ."

ಚಂದ್ರಮತಿಯವರು ಬಾಗಿಲಿಂದ ಒಂದು ಹೆಜ್ಜೆ ಮುಂದೆ ಬಂದರು.

"ಭೀಮಗೊಂಡ ಅಂತಾನ, ನಿಮ್ಮ ಸಕ್ರಿ ಪದ್ಧತಿ ಅವಗ ಗೊತ್ತಿದ್ದಿಲ್ಲ ಅಂತ. ಗೊತ್ತಿದ್ರ ತಾನ ಹೊತ್ಕೊಂಡ ಬರ್ತಿದ್ದನಂತ. ನಮ್ಮವ್ವ ಅಂತಾಳ, ಈ ಸಕ್ರಿ ಆಕಿ ಡಬ್ಬಿದು ಅಂತ." ಸುಹಾಸ ಉಸಿರು ತೆಗೆದುಕೊಂಡ. "ಇಷ್ಟು ಅವರವರ ಮಾತ್ರಿ. ಯಾವುದನ್ನೂ ನಾ ಕೂಡಿಸಿಲ್ಲ, ಕಳದಿಲ್ಲ."

ದಾದಾಸಾಹೇಬರು ಮೀಸೆಯ ಮೇಲೆ ಬೆರಳಾಡಿಸಿದರು. ವ್ಯಾಪಾರದಲ್ಲಿ ಸಾಕ್ಷಿ ಕೇಳಿ ಕೇಳಿ ಬೆಳೆದ ಮನುಷ್ಯ. ಹೀಗೆ ಒಬ್ಬೊಬ್ಬರ ಮಾತನ್ನು ಬೇರೆ ಬೇರೆ ಇಟ್ಟು, ತನ್ನಪ್ಪನ ಹಟವನ್ನೂ ಮುಚ್ಚಿಡದೆ ಹೇಳಿದವನನ್ನು ಅವರು ಹೆಚ್ಚು ಕಂಡಿರಲಿಲ್ಲ. ಬಿಗಿದಿದ್ದ ಮುಖ ಸಡಿಲಾಯಿತು.

"ಎಲ್ಲಾರ ಮಾತೂ ಬಂತು," ಎಂದರು. "ನಿಮ್ಮ ಮಾತ ಬರಲಿಲ್ಲ."

ಅಷ್ಟು ದೂರ ಕಬ್ಬಿನ ನಡುವೆ ಬರುವಾಗ ಅವನು ಹೊಂದಿಸಿಕೊಂಡಿದ್ದ ಮಾತುಗಳೆಲ್ಲ ಎಲ್ಲೋ ಉದುರಿ ಹೋಗಿದ್ದವು. ಉಳಿದದ್ದನ್ನು ಹೇಳಿದ.

"ನನಗ ಪ್ರಾಜಕ್ತಾ ಬೇಕ್ರಿ. ಹೋದ ವರ್ಷನೂ ಬೇಕಾಗಿದ್ರು. ಇದನ್ನ ಯಾರೂ ಹೇಳಿ ಕಳಿಸಿಲ್ಲ. ನಾನ ಬಂದೇನಿ."

ದಾದಾಸಾಹೇಬರು ಜಮಖಾನೆಯ ಮಡಿಕೆಯೊಂದನ್ನು ಕೈಯಿಂದ ಸರಿಮಾಡಿದರು.

ಸಾಂಗಲಿಯವರಿಗೆ ತಾವಿನ್ನೂ ಮಾತು ಕೊಟ್ಟಿಲ್ಲ, ಎಂದರು ದಾದಾಸಾಹೇಬ. ಆದರೆ ಅವರನ್ನು ಬರಬೇಡಿ ಎನ್ನುವುದು ಸಣ್ಣ ಮಾತಲ್ಲ. ಅದಕ್ಕೆ ಮೊದಲು ಕೇಳಬೇಕಾದವರನ್ನು ಕೇಳಬೇಕು. ಅವರು ಅಕ್ಕನ ಕಡೆ ತಿರುಗಿದರು. ಆ ಮನೆಯಲ್ಲಿ ಹುಡುಗಿಯ ಮನಸ್ಸು ಪಡಸಾಲೆಗೆ ಬರುತ್ತಿದ್ದದ್ದು ಚಂದ್ರಮತಿಯವರ ಬಾಯಿಂದಲೇ. ಒಳಗೆ ಹೋಗಿ ಕೇಳಿ ಬಂದು, ಹೂಂ ಅಂತಾಳ ಎಂದೋ, ಸುಮ್ಮನ ಕುಂತಾಳ ಎಂದೋ ಹೇಳುವುದು ರೂಢಿ.

ಚಂದ್ರಮತಿ ಸೆರಗು ಸರಿಮಾಡಿಕೊಂಡು ಒಳಗೆ ಹೊರಟರು. ಪರದೆ ಸರಿಯಿತು.

"ಆತ್ಯಾ, ನೀ ಕೂಡು," ಎಂದಳು ಪ್ರಾಜಕ್ತಾ. "ನಾನ ಹೇಳ್ತೇನಿ."

ಅವಳು ಪಡಸಾಲೆಗೆ ಬಂದಳು. ಅಂದು ಪೋಹೆಯ ತಟ್ಟೆ ಹಿಡಿದು ಬಂದಾಗ ತಗ್ಗಿದ್ದ ಕಣ್ಣು ಈಗ ತಗ್ಗಲಿಲ್ಲ. ಜಮಖಾನೆಯ ಮೇಲೆ ಮೊಣಕಾಲೂರಿ ಗಂಟು ಬಿಚ್ಚಿದಳು. ಅವ್ವ ಬಿಗಿಯಾಗಿ ಕಟ್ಟಿದ್ದಳು, ಹಲ್ಲಿನಿಂದ ಎಳೆಯಬೇಕಾಯಿತು. ಒಂದು ಚಿಟಿಕೆ ಸಕ್ಕರೆ ತೆಗೆದು, ತಂದೆಗೂ ಕೊಡದೆ, ಆತ್ಯಾಗೂ ಕೊಡದೆ, ಮೊದಲು ತನ್ನ ಬಾಯಿಗೆ ಹಾಕಿಕೊಂಡಳು.

"ಅಪ್ಪಾ, ನಾ ಹೂಂ ಅಂತೇನಿ," ಎಂದಳು. "ಹೋದ ಸಲನೂ ಅಂದಿದ್ದೆ. ಅದನ್ನ ಜುಗೂಳಕ್ಕ ಯಾರೂ ಮುಟ್ಟಸಲಿಲ್ಲ."

ಚಂದ್ರಮತಿಯವರು ಕುಳಿತಲ್ಲೇ ಸೆರಗಿನ ತುದಿಯಿಂದ ಕಣ್ಣೊರೆಸಿಕೊಂಡರು. ಇನ್ನು ತಮಗೆ ಈ ಮನೆಯಲ್ಲಿ ಕೆಲಸವೇ ಇಲ್ಲವಾಯಿತು ಎಂದು ಗೊಣಗಿದರು. ಗೊಣಗುತ್ತಲೇ ಚಹಾಕ್ಕಿಡಲು ಎದ್ದರು.

ದಾದಾಸಾಹೇಬರು ಮಗಳು ಚಾಚಿದ ಅಂಗೈಯಿಂದ ಸಕ್ಕರೆ ತೆಗೆದುಕೊಂಡರು. ಸಾಂಗಲಿಯವರಿಗೆ ತಾವೇ ಫೋನ್ ಮಾಡುವುದಾಗಿ ಹೇಳಿದರು. ನಡುವೆ ಯಾರನ್ನೂ ಹಾಕುವುದಿಲ್ಲ, ಕ್ಷಮೆಯನ್ನೂ ತಾವೇ ಕೇಳುತ್ತಾರೆ. ಆಮೇಲೆ ಸುಹಾಸನ ಕಡೆ ನೋಡಿ, ಸಣ್ಣ ದನಿಯಲ್ಲಿ, "ನಿಮ್ಮಪ್ಪಗ ಹೇಳ್ರಿ. ಉತ್ತರಾ ಕೇಳಾಕ ನಾಳೆ ನಾ ಜುಗೂಳಕ್ಕ ಬರ್ತೇನಿ," ಎಂದರು. "ಬ್ಯಾಡ, ಹೇಳಬ್ಯಾಡ್ರಿ. ನಾನ ಬಂದ ಹೇಳ್ತೇನಿ."

ಚಹಾ ಕುಡಿದು ಸುಹಾಸ ಮೆಟ್ಟಿಲಿಳಿಯುವಾಗ ಪ್ರಾಜಕ್ತಾ ಬಾಗಿಲವರೆಗೆ ಬಂದಳು. ತುಟಿಯ ಅಂಚಿಗೆ ಸಕ್ಕರೆಯ ಒಂದು ಹರಳು ಅಂಟಿತ್ತು. ಅದನ್ನು ಹೇಳಬೇಕೋ ಬೇಡವೋ ಎಂದು ಅವನು ಯೋಚಿಸಿ, ಹೇಳಲಿಲ್ಲ. ನೋಡುತ್ತ ನಿಂತ.

"ಏನ ನೋಡ್ತೀರಿ? ಪೇಪರಿನ್ಯಾಗ ಹಾಕ್ತೀರೇನು?"

"ಹಾಕಬಹುದ್ರಿ. ಜುಗೂಳದ ವರನನ್ನು ನಿಪ್ಪಾಣಿಯ ಕನ್ಯೆ ಒಪ್ಪಿದ್ದಾಳೆಂದು ತಿಳಿದುಬಂದಿದೆ."

ಎಡಹುಬ್ಬು ಏರಿತು. "ಯಾರಿಗೆ ತಿಳಿದುಬಂದೈತಿ?"

ಮಾಳಿಗೆಯ ಮೇಲೆ ಅಂದು ಹೊಳೆಯದ ಉತ್ತರ ಈಗ ನಾಲಿಗೆಯ ತುದಿಯಲ್ಲಿತ್ತು.

"ನನಗ," ಎಂದ ಸುಹಾಸ.